ಯೆಹೂದ್ಯರ ಪಂಚಾಂಗವೂ ಅವರ ಹಬ್ಬಗಳೂ

೨೦೨೪ನೆಯ ಇಸವಿಯ ಅಕ್ಟೋಬರ್ ೩ನೆಯ ತಾರೀಖು ಗುರುವಾರ ನಮ್ಮಲ್ಲಿ ಶರನ್ನವರಾತ್ರಿಯ ಪಾಡ್ಯ. ಚಾಮುಂಡಿಬೆಟ್ಟದ ಮೇಲೆ ದಸರಾ ಉತ್ಸವಕ್ಕೆ ಪ್ರಾರಂಭವಾಗಿ, ಮನೆಮನೆಗಳಲ್ಲಿ ಬೊಂಬೆಗಳನ್ನು ಕೂರಿಸಿದ ದಿನ. ಅದೇ ದಿನ ಯೆರೂಸಲೇಮಿನಲ್ಲಿಯೂ, ಮುಂಬಯಿ ಕೊಚ್ಚಿಗಳಲ್ಲಿಯೂ, ಯೆಹೂದ್ಯರಿರುವ ಇತರ ಸಕಲ ಸ್ಥಳಗಳಲ್ಲಿಯೂ ಟಗರಿನ ಕೊಂಬನ್ನು ಊದಿ ೫೭೮೫ನೆಯ ಸಂವತ್ಸರವನ್ನು ಬರಮಾಡಿಕೊಂಡರು. ಮರುವರ್ಷ, ಎಂದರೆ ೨೦೨೫ರಲ್ಲಿ, ನಮ್ಮ ನವರಾತ್ರಿ ಸೆಪ್ಟೆಂಬರ್ ೨೨ನೆಯ ಸೋಮವಾರ ಮೊದಲಾಯಿತು. ಯೆಹೂದ್ಯರ ಹೊಸ ವರ್ಷವೂ ಅದೇ ಸೋಮವಾರದ ಸೂರ್ಯಾಸ್ತಕ್ಕೆ ಮೊದಲಾಯಿತು. ಹೀಗೆ ಎರಡು ವರ್ಷ ಜೊತೆಜೊತೆಯಾಗಿ ನಡೆದ ಈ ಹಬ್ಬಗಳು ೨೦೨೬ರಲ್ಲಿ ಮಾತ್ರ ಒಂದನ್ನೊಂದು ಬಿಟ್ಟುಬಿಡುತ್ತವೆ. ಯೆಹೂದ್ಯರ ವರ್ಷಾರಂಭ ಸೆಪ್ಟೆಂಬರ್ ೧೨ಕ್ಕೆ. ನಮ್ಮ ನವರಾತ್ರಿ ಅಕ್ಟೋಬರ್ ೧೧ಕ್ಕೆ. ಜೊತೆಗೂಡುವುದೇಕೆ, ಅಗಲುವುದೇಕೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದರೆ ಒಂದು ಪುರಾತನ ಜನಾಂಗದ ಕಾಲಗಣನೆಯ ಪದ್ಧತಿಯೇ ನಮ್ಮ ಕಣ್ಣಮುಂದೆ ತೆರೆದುಕೊಳ್ಳುತ್ತದೆ. ಈ ದಿನದ ಭಾಷಣದಲ್ಲಿ ಅದನ್ನು ಕುರಿತು ಸ್ವಲ್ಪ ವಿಚಾರಮಾಡೋಣ.

ಕಾಲವನ್ನಳೆಯುವುದಕ್ಕೆ ಮನುಷ್ಯನಿಗೆ ಆಕಾಶದಲ್ಲಿ ಎರಡು ಗಡಿಯಾರಗಳಿವೆ. ಒಂದು ಸೂರ್ಯ, ಇನ್ನೊಂದು ಚಂದ್ರ. ಆದರೆ ಈ ಎರಡು ಗಡಿಯಾರಗಳೂ ಒಂದಕ್ಕೊಂದು ಹೊಂದಿ ನಡೆಯುವುದಿಲ್ಲ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ ಇಪ್ಪತ್ತೊಂಬತ್ತೂವರೆ ದಿನಗಳಿಗಿಂತ ಸ್ವಲ್ಪ ಹೆಚ್ಚು. ಅಂಥ ಹನ್ನೆರಡು ತಿಂಗಳು ಸೇರಿದರೆ ೩೫೪ ದಿನ ಚಿಲ್ಲರೆ. ಋತುಗಳನ್ನು ತಂದುಕೊಡುವ ಸೌರವರ್ಷವಾದರೋ ೩೬೫ ದಿನ ಚಿಲ್ಲರೆ. ವರ್ಷಕ್ಕೆ ಸುಮಾರು ಹನ್ನೊಂದು ದಿನಗಳ ಅಂತರ. ಈ ಅಂತರವನ್ನು ಏನು ಮಾಡಬೇಕೆಂಬ ವಿಷಯದಲ್ಲಿ ಜನಾಂಗಗಳು ಮೂರು ದಾರಿಗಳನ್ನು ಹಿಡಿದಿವೆ. ಯೂರೋಪಿನವರು ಚಂದ್ರನನ್ನು ಕೈಬಿಟ್ಟು ಸೂರ್ಯನೊಬ್ಬನನ್ನೇ ನಂಬಿದರು; ಅವರ ತಿಂಗಳಿಗೂ ಹುಣ್ಣಿಮೆ ಅಮಾವಾಸ್ಯೆಗಳಿಗೂ ಸಂಬಂಧವಿಲ್ಲ. ಮಹಮ್ಮದೀಯರು ಚಂದ್ರನನ್ನೇ ನಂಬಿ ಸೂರ್ಯನನ್ನು ಬಿಟ್ಟರು. ಆದಕಾರಣ ಅವರ ರಂಜಾನ್ ಒಮ್ಮೆ ಬೇಸಗೆಯಲ್ಲಿ ಬಂದರೆ ಇನ್ನೊಮ್ಮೆ ಮಳೆಗಾಲದಲ್ಲಿ ಬರುತ್ತದೆ. ಮೂರನೆಯದು ಇಬ್ಬರನ್ನೂ ಬಿಡದೆ ಸಮಾಧಾನಪಡಿಸುವ ದಾರಿ. ತಿಂಗಳು ಚಂದ್ರನದು, ವರ್ಷ ಸೂರ್ಯನದು. ಇವೆರಡೂ ತೀರ ದೂರವಾಗುವ ಹೊತ್ತಿಗೆ ಒಂದು ತಿಂಗಳನ್ನು ಅಧಿಕವಾಗಿ ಸೇರಿಸಿ ಸರಿತೂಗಿಸುವುದು. ಇದು ನಮ್ಮ ದಾರಿ. ಇದೇ ಯೆಹೂದ್ಯರ ದಾರಿಯೂ ಹೌದು.

ಯೆಹೂದ್ಯರು ಸೂರ್ಯನನ್ನು ಬಿಡಲಾರದ್ದಕ್ಕೆ ಅವರ ಧರ್ಮಗ್ರಂಥದಲ್ಲಿಯೇ ಕಾರಣವಿದೆ. ಅವರ ಪೂರ್ವಿಕರು ಮೋಶೆಯ ನೇತೃತ್ವದಲ್ಲಿ ಐಗುಪ್ತದ ದಾಸ್ಯದಿಂದ ಬಿಡುಗಡೆ ಹೊಂದಿದುದರ ಸ್ಮಾರಕವಾದ ಪಸ್ಕಹಬ್ಬವನ್ನು ‘ಆಬೀಬ್’ ಮಾಸದಲ್ಲಿ, ಎಂದರೆ ಜವೆಗೋಧಿಯ ತೆನೆ ಬಲಿಯುವ ವಸಂತಮಾಸದಲ್ಲಿ, ಆಚರಿಸಬೇಕೆಂದು ಧರ್ಮೋಪದೇಶಕಾಂಡದಲ್ಲಿ ವಿಧಿಸಿದೆ. ಈ ಹಬ್ಬ ನಿಸಾನ್ ಮಾಸದ ಹದಿನೈದನೆಯ ದಿನ, ಹುಣ್ಣಿಮೆಗೆ ಬರುವುದರಿಂದ ಚಂದ್ರನೂ ಬೇಕು; ವಸಂತದಲ್ಲಿಯೇ ಬರಬೇಕಾದುದರಿಂದ ಸೂರ್ಯನೂ ಬೇಕು. ಯೆಹೂದ್ಯ ಪಂಚಾಂಗದ ಸಕಲ ಗಣಿತವೂ ಈ ಒಂದು ವಿಧಿಯ ಸುತ್ತ ಹೆಣೆದುಕೊಂಡದ್ದೆಂದು ಹೇಳಬಹುದು.

ಅವರ ಮಾಸಗಳು ಹನ್ನೆರಡು: ನಿಸಾನ್, ಇಯಾರ್, ಸಿವಾನ್, ತಮ್ಮೂಜ್, ಆವ್, ಎಲೂಲ್, ತಿಶ್ರಿ, ಮರ್ಹೆಶ್ವಾನ್, ಕಿಸ್ಲೇವ್, ತೇವೇತ್, ಶೆವಾತ್, ಅದಾರ್. ಈ ಹೆಸರುಗಳು ಯೆಹೂದ್ಯರು ಬಾಬೆಲಿನಲ್ಲಿ ಸೆರೆಯಲ್ಲಿದ್ದ ಕಾಲದಲ್ಲಿ ಆ ದೇಶದವರಿಂದ ಕಲಿತವು. ತಮ್ಮೂಜ್ ಎಂಬುದಂತೂ ಅಲ್ಲಿನ ಒಂದು ದೇವತೆಯ ಹೆಸರು. ಮಾಸಗಳ ಎಣಿಕೆ ನಿಸಾನಿನಿಂದ ಮೊದಲಾದರೂ ಸಂವತ್ಸರದ ಅಂಕೆ ಬದಲಾಗುವುದು ಏಳನೆಯ ಮಾಸವಾದ ತಿಶ್ರಿಯಲ್ಲಿ. ಮಾಸವು ನಮ್ಮ ಕನ್ನಡನಾಡಿನ ಅಮಾಂತ ಮಾಸದಂತೆ ಅಮಾವಾಸ್ಯೆಯ ಅನಂತರ ಪ್ರಾರಂಭವಾಗುವುದರಿಂದ ಹದಿನೈದನೆಯ ದಿನ ಸಾಮಾನ್ಯವಾಗಿ ಹುಣ್ಣಿಮೆಯ ಸಮೀಪಕ್ಕೆ ಬರುತ್ತದೆ. ದಿನದ ಪ್ರಾರಂಭ ಮಾತ್ರ ನಮ್ಮ ಹಾಗೆ ಸೂರ್ಯೋದಯದಿಂದಲ್ಲ, ಸೂರ್ಯಾಸ್ತದಿಂದ. ಆದಿಕಾಂಡದ ಸೃಷ್ಟಿಕಥೆಯಲ್ಲಿ ಸಂಜೆಯನ್ನು ಮೊದಲು ಹೇಳಿ ಬೆಳಗನ್ನು ಆಮೇಲೆ ಹೇಳಿರುವುದೇ ಇದಕ್ಕೆ ಆಧಾರ.

ಹಬ್ಬಗಳನ್ನು ಕ್ರಮವಾಗಿ ನೋಡೋಣ. ತಿಶ್ರಿಯ ಮೊದಲೆರಡು ದಿನ ರೋಶ್ ಹಶಾನಾ, ಎಂದರೆ ವರ್ಷದ ತಲೆ. ನಮ್ಮ ಯುಗಾದಿಯ ಸ್ಥಾನದ್ದು. ಆದರೆ ಇದರ ಭಾವ ಉಲ್ಲಾಸಕ್ಕಿಂತ ಹೆಚ್ಚಾಗಿ ಆತ್ಮಪರೀಕ್ಷೆಯದು. ಹತ್ತನೆಯ ದಿನ ಯೋಮ್ ಕಿಪ್ಪೂರ್, ಪ್ರಾಯಶ್ಚಿತ್ತದ ದಿನ. ಒಂದು ಸಂಜೆಯಿಂದ ಮರುದಿನದ ಸಂಜೆ ಕತ್ತಲಾಗುವವರೆಗೆ ಅನ್ನಪಾನಗಳೆರಡನ್ನೂ ಬಿಟ್ಟು ಪ್ರಾರ್ಥನೆಯಲ್ಲಿ ಕಳೆಯುವರು. ಹದಿನೈದರಿಂದ ಏಳು ದಿನ ಸುಕ್ಕೋತ್, ಎಂದರೆ ಪರ್ಣಶಾಲೆಗಳ ಹಬ್ಬ. ಅರಣ್ಯವಾಸದ ಕಾಲವನ್ನು ನೆನೆದು ಸೊಪ್ಪಿನ ಚಪ್ಪರದ ಕೆಳಗೆ ಊಟಮಾಡುವರು. ಕಿಸ್ಲೇವ್ ಇಪ್ಪತ್ತೈದರಿಂದ ಎಂಟು ದಿನ ಹನುಕ್ಕಾ; ಕ್ರಿಸ್ತಪೂರ್ವ ೧೬೪ರಲ್ಲಿ ಮಕ್ಕಬಿಯರು ದೇವಾಲಯವನ್ನು ಶುದ್ಧಿಮಾಡಿ ಮತ್ತೆ ಪ್ರತಿಷ್ಠೆಮಾಡಿದುದರ ನೆನಪಿಗೆ ದಿನಕ್ಕೊಂದರಂತೆ ದೀಪಗಳನ್ನು ಹೆಚ್ಚಿಸುತ್ತ ಬೆಳಗುವರು. ಅದಾರ್ ಹದಿನಾಲ್ಕರಂದು ಪೂರಿಮ್. ಎಸ್ತೇರ್ ರಾಣಿ ತನ್ನ ಜನರನ್ನು ಉಳಿಸಿದ ಕಥೆಯನ್ನು ಓದಿ, ವೇಷ ಹಾಕಿ, ಸಂತೋಷಪಡುವರು. ನಿಸಾನ್ ಹದಿನೈದಕ್ಕೆ ಪೆಸಾಹ್, ಮೇಲೆ ಹೇಳಿದ ಪಸ್ಕಹಬ್ಬ. ಅದರ ಎರಡನೆಯ ದಿನದಿಂದ ಎಣಿಸಿ ಐವತ್ತನೆಯ ದಿನ, ಸಿವಾನ್ ಆರಕ್ಕೆ, ವಾರಗಳ ಹಬ್ಬವಾದ ಶಾವುಓತ್. ಆವ್ ಒಂಬತ್ತು ಶೋಕದ ದಿನ. ಬಾಬೆಲಿನವರು ಮೊದಲನೆಯ ದೇವಾಲಯವನ್ನೂ, ಕ್ರಿಸ್ತಶಕ ೭೦ರಲ್ಲಿ ರೋಮಿನವರು ಎರಡನೆಯದನ್ನೂ ನಾಶಮಾಡಿದುದನ್ನು ನೆನೆದು ಉಪವಾಸವಿರುವರು.

ಈ ತಿಥಿಗಳೆಲ್ಲವೂ ಶಾಸ್ತ್ರದಲ್ಲಿ ನಿಶ್ಚಿತವಾಗಿವೆ. ಹಾಗಾದರೆ ಕಷ್ಟವೆಲ್ಲಿ? ತಿಶ್ರಿಯ ಮೊದಲನೆಯ ದಿನ ಯಾವುದೆಂದು ಗೊತ್ತಾದರಲ್ಲವೆ ಹತ್ತನೆಯ ದಿನ ಯಾವುದೆಂದು ಗೊತ್ತಾಗುವುದು? ಪೂರ್ವಕಾಲದಲ್ಲಿ ಇದನ್ನು ಗಣಿತದಿಂದ ನಿಶ್ಚಯಿಸುತ್ತಿರಲಿಲ್ಲ; ಕಣ್ಣಿನಿಂದ ನೋಡಿ ನಿಶ್ಚಯಿಸುತ್ತಿದ್ದರು. ಪಶ್ಚಿಮದಲ್ಲಿ ಎಳೆಯ ಚಂದ್ರನ ಗೆರೆಯನ್ನು ಕಂಡವರು ಯೆರೂಸಲೇಮಿಗೆ ಬಂದು ಹಿರೀಸಭೆಯ ಮುಂದೆ ಸಾಕ್ಷ್ಯ ಹೇಳಬೇಕು. ಸಾಕ್ಷಿಗಳು ಉತ್ಸಾಹದಿಂದ ಬರಲೆಂದು ಬೇತ್ ಯಾಜೇಕ್ ಎಂಬ ದೊಡ್ಡ ಅಂಗಳದಲ್ಲಿ ಅವರಿಗೆ ಔತಣವನ್ನು ಏರ್ಪಡಿಸುತ್ತಿದ್ದರಂತೆ. ಚಂದ್ರನ ಕೊಂಬು ಯಾವ ಕಡೆಗೆ ಬಾಗಿತ್ತು, ಎಷ್ಟು ಎತ್ತರದಲ್ಲಿತ್ತು ಎಂದು ಸಾಕ್ಷಿಗಳನ್ನು ಪ್ರತ್ಯೇಕಪ್ರತ್ಯೇಕವಾಗಿ ವಿಚಾರಿಸಿ, ಹೇಳಿಕೆಗಳು ಹೊಂದಿದರೆ ಸಭೆಯ ಮುಖ್ಯಸ್ಥನು ಮಾಸವು ಪವಿತ್ರವಾಯಿತೆಂದು ಸಾರುವನು. ಸಾಕ್ಷಿಗಳು ಬಾರದಿದ್ದರೆ ಹಿಂದಿನ ಮಾಸಕ್ಕೆ ಮೂವತ್ತು ದಿನ. ವಸಂತಕ್ಕೆ ಮೊದಲು ಜವೆಗೋಧಿಯ ತೆನೆ ಬಲಿತಿಲ್ಲ, ಮರದ ಹಣ್ಣು ಸಿದ್ಧವಾಗಿಲ್ಲ, ವಿಷುವವು ತಡವಾಗಿದೆ ಎಂಬ ಮೂರು ಲಕ್ಷಣಗಳಲ್ಲಿ ಎರಡು ಕಂಡುಬಂದರೆ ಅಧಿಕಮಾಸವನ್ನು ಸೇರಿಸುವ ಅಧಿಕಾರವೂ ಆ ಸಭೆಗೇ ಸೇರಿತ್ತು.

ನಿಶ್ಚಯವಾದ ಸುದ್ದಿಯನ್ನು ದೂರದೇಶಗಳಿಗೆ ಮುಟ್ಟಿಸಬೇಕಲ್ಲವೆ? ಎಣ್ಣೇಮರಗಳ ಗುಡ್ಡದ ಮೇಲೆ ಪಂಜನ್ನು ಬೀಸುವರು. ಅದನ್ನು ಕಂಡು ಮುಂದಿನ ಗುಡ್ಡದವರು ಬೀಸುವರು. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ಬೆಂಕಿ ಹಾರಿ ಬಾಬೆಲಿನ ಸೀಮೆಯವರೆಗೂ ಸುದ್ದಿ ಮುಟ್ಟುವುದು. ಆದರೆ ವಿರೋಧಿಗಳಾದ ಸಮಾರ್ಯದವರು ಬೇರೆ ದಿನಗಳಲ್ಲಿ ಸುಳ್ಳುಬೆಂಕಿಗಳನ್ನು ಹೊತ್ತಿಸಿ ಜನರನ್ನು ಭ್ರಮೆಗೊಳಿಸಿದರೆಂದೂ, ಆ ತರುವಾಯ ಬೆಂಕಿಯನ್ನು ಬಿಟ್ಟು ದೂತರನ್ನು ಕಳುಹಿಸುವ ಪದ್ಧತಿ ಬಂದಿತೆಂದೂ ಮಿಶ್ನಾ ಎಂಬ ಧರ್ಮಶಾಸ್ತ್ರದಲ್ಲಿ ಹೇಳಿದೆ. ದೂತರು ಕಾಲ್ನಡೆಯಿಂದ ಹೋಗಿ ಸೇರುವುದರೊಳಗಾಗಿ ಎಷ್ಟೋ ಊರುಗಳಲ್ಲಿ ಹಬ್ಬವೇ ಬಂದುಬಿಡುತ್ತಿತ್ತು. ಹಿಂದಿನ ಮಾಸಕ್ಕೆ ಇಪ್ಪತ್ತೊಂಬತ್ತು ದಿನವೋ ಮೂವತ್ತು ದಿನವೋ ತಿಳಿಯದ ಆ ಪರದೇಶವಾಸಿಗಳು ತಪ್ಪಾಗಬಾರದೆಂದು ಹಬ್ಬವನ್ನು ಎರಡು ದಿನ ಆಚರಿಸಿದರು. ಗಣಿತವು ಬಂದು ಸಂದೇಹವೆಲ್ಲ ನಿವಾರಣೆಯಾದ ಮೇಲೆಯೂ ಪಿತೃಗಳ ಆಚಾರವೆಂದು ಪರದೇಶದ ಸಂಪ್ರದಾಯಸ್ಥರು ಆ ಎರಡನೆಯ ದಿನವನ್ನು ಇಂದಿಗೂ ಬಿಟ್ಟಿಲ್ಲ. ಉಪವಾಸದ ಯೋಮ್ ಕಿಪ್ಪೂರ್ ಮಾತ್ರ ಒಂದೇ ದಿನ. ಎರಡು ದಿನ ನಿರಾಹಾರವಾಗಿರೆಂದು ಜನರಿಗೆ ವಿಧಿಸುವುದು ಸಾಧ್ಯವೆ?

ದಿನವನ್ನು ನಿಶ್ಚಯಿಸುವ ಅಧಿಕಾರ ಯಾರದು ಎಂಬ ಪ್ರಶ್ನೆ ಎಷ್ಟು ತೀಕ್ಷ್ಣವಾದುದೆಂಬುದಕ್ಕೆ ಅದೇ ಮಿಶ್ನಾದಲ್ಲಿ ಒಂದು ಪ್ರಸಂಗವಿದೆ. ಯೆರೂಸಲೇಮಿನ ಪತನಾನಂತರ ಹಿರೀಸಭೆಯು ಯಾವ್ನೇ ಎಂಬ ಊರಿನಲ್ಲಿ ಕೂಡುತ್ತಿದ್ದ ಕಾಲ, ಗಮಲಿಯೇಲನು ಮುಖ್ಯಸ್ಥ. ಚಂದ್ರನ ನಾನಾ ಆಕೃತಿಗಳನ್ನು ಬರೆಯಿಸಿ ಉಪ್ಪರಿಗೆಯ ಗೋಡೆಯಲ್ಲಿಟ್ಟುಕೊಂಡು, ಪಾಮರರಾದ ಸಾಕ್ಷಿಗಳಿಗೆ ತೋರಿಸಿ ಪ್ರಶ್ನೆಮಾಡುತ್ತಿದ್ದ ವಿದ್ವಾಂಸನವನು. ಒಂದು ಸಲ ಇಬ್ಬರು ಬಂದು, ಚಂದ್ರನನ್ನು ಸಕಾಲದಲ್ಲಿ ಕಂಡೆವು, ಆದರೆ ಮರುರಾತ್ರಿ ಕಾಣಲಿಲ್ಲ ಎಂದರು. ಗಮಲಿಯೇಲನು ಈ ಸಾಕ್ಷ್ಯವನ್ನು ಅಂಗೀಕರಿಸಿದನು. ಇದು ಸುಳ್ಳುಸಾಕ್ಷ್ಯವೆಂದು ಪಂಡಿತನಾದ ದೋಸನು ಹೇಳಿದನು. ಮಹಾವಿದ್ವಾಂಸನಾದ ಯೆಹೋಶುವನೂ ಅವನ ಮಾತನ್ನು ಒಪ್ಪಿದನು. ಆಗ ಗಮಲಿಯೇಲನು ಯೆಹೋಶುವನಿಗೆ, ನಿನ್ನ ಲೆಕ್ಕದ ಪ್ರಕಾರ ಯೋಮ್ ಕಿಪ್ಪೂರ್ ಆಗುವ ದಿನ ಕೋಲನ್ನೂ ಹಣದ ಚೀಲವನ್ನೂ ಹಿಡಿದುಕೊಂಡು ನನ್ನ ಬಳಿಗೆ ಬರತಕ್ಕದ್ದೆಂದು ಆಜ್ಞೆ ಕಳುಹಿಸಿದನು. ತಾನು ಅತಿಪವಿತ್ರವೆಂದು ನಂಬಿದ ದಿನವನ್ನು ತಾನೇ ಕೈಯಾರೆ ಭಂಗಪಡಿಸಬೇಕು! ಯೆಹೋಶುವನು ಬಹಳವಾಗಿ ವ್ಯಥೆಪಟ್ಟನು. ಸಭೆಯು ಸಾರಿದ ದಿನವೇ ಹಬ್ಬ, ಅದು ಸಕಾಲವಾಗಲಿ ಅಕಾಲವಾಗಲಿ, ಎಂದು ಅಕಿವನು ಸಮಾಧಾನ ಹೇಳಿದನು. ಈ ಸಭೆಯ ತೀರ್ಪನ್ನು ಪ್ರಶ್ನಿಸಹೊರಟರೆ ಮೋಶೆಯ ಕಾಲದಿಂದ ನಡೆದುಬಂದ ಪ್ರತಿಯೊಂದು ಸಭೆಯ ತೀರ್ಪನ್ನೂ ಪ್ರಶ್ನಿಸಬೇಕಾಗುವುದೆಂದು, ಆಕ್ಷೇಪಣೆ ಎತ್ತಿದ ದೋಸನೇ ಬುದ್ಧಿಹೇಳಿದನು. ಯೆಹೋಶುವನು ಕೋಲನ್ನೂ ಚೀಲವನ್ನೂ ತೆಗೆದುಕೊಂಡು ನಡೆದುಹೋದನು. ಗಮಲಿಯೇಲನು ಎದ್ದುನಿಂತು, ಅವನ ತಲೆಗೆ ಮುದ್ದಿಟ್ಟು, ವಿದ್ಯೆಯಲ್ಲಿ ಅವನನ್ನು ತನ್ನ ಗುರುವೆಂದೂ, ಆಜ್ಞೆಯನ್ನು ಪಾಲಿಸಿದುದರಿಂದ ಶಿಷ್ಯನೆಂದೂ ಕರೆದು ಬರಮಾಡಿಕೊಂಡನು.

ಒಂದೇ ಊರಿನಲ್ಲಿ, ಒಂದೊಂದು ವೇಳೆ ಒಂದೇ ಬೀದಿಯಲ್ಲಿ, ಏಕಾದಶಿಯನ್ನು ಎರಡು ದಿನ ಆಚರಿಸುವುದನ್ನು ಕಂಡಿರುವ ನಮಗೆ ಈ ಪ್ರಸಂಗದ ಮರ್ಮ ಚೆನ್ನಾಗಿ ತಿಳಿಯುತ್ತದೆ. ಗಮಲಿಯೇಲನ ಮುಂದಿದ್ದ ಪ್ರಶ್ನೆ ಚಂದ್ರನು ಎಲ್ಲಿದ್ದಾನೆಂಬುದಷ್ಟೇ ಅಲ್ಲ. ದೇವಾಲಯವನ್ನೂ ರಾಜ್ಯವನ್ನೂ ಕಳೆದುಕೊಂಡು ಚದರಿಹೋದ ಜನ ಒಂದೇ ದಿನ ಉಪವಾಸವಿರದಿದ್ದರೆ ಒಂದು ಜನಾಂಗವಾಗಿ ಹೇಗೆ ಉಳಿದೀತೆಂಬುದೇ ಪ್ರಶ್ನೆ.

ಕಾಲಕ್ರಮದಲ್ಲಿ ಸಭೆಯ ಬಲವೂ ಕುಂದಿತು. ದೂತರ ಸಂಚಾರವೂ ಕಷ್ಟವಾಯಿತು. ಕ್ರಿಸ್ತಶಕ ೩೫೮–೩೫೯ರಲ್ಲಿ ಎರಡನೆಯ ಹಿಲ್ಲೇಲನೆಂಬ ಮುಖ್ಯಸ್ಥನು ಗಣಿತದ ಸೂತ್ರಗಳನ್ನು ಬಹಿರಂಗಪಡಿಸಿ, ಇನ್ನು ಸಾಕ್ಷಿಗಳ ಅಗತ್ಯವಿಲ್ಲದಂತೆ ಮಾಡಿದನೆಂದು ಪರಂಪರೆಯ ಹೇಳಿಕೆ. ಈಗಿನ ವಿದ್ವಾಂಸರು ಆ ಸೂತ್ರಗಳು ಒಮ್ಮೆಗೇ ಹುಟ್ಟದೆ ಹಲವು ಶತಮಾನಗಳಲ್ಲಿ ಬಲಿತವೆಂದು ಭಾವಿಸುತ್ತಾರೆ. ಕೈರೋ ನಗರದ ಹಳೆಯ ಸಭಾಮಂದಿರದ ಕಾಗದಗಳ ರಾಶಿಯಲ್ಲಿ ದೊರೆತ ಒಂದು ಪತ್ರವು ಇದಕ್ಕೆ ಬಲವಾದ ಆಧಾರ. ೮೩೬ನೆಯ ಇಸವಿಯ ಪಸ್ಕಹಬ್ಬವು ಮಂಗಳವಾರವೆಂದು ಅದರಲ್ಲಿ ಹೇಳಿದೆ. ಈಗಿನ ಸೂತ್ರಗಳಿಂದ ಲೆಕ್ಕಹಾಕಿದರೆ ಗುರುವಾರ ಬರುತ್ತದೆ.

ಈಗ ಆ ಸೂತ್ರಗಳನ್ನು ನೋಡೋಣ. ಮೊದಲನೆಯದು ಅಧಿಕಮಾಸ. ವರ್ಷಕ್ಕೆ ಹನ್ನೊಂದು ದಿನಕ್ಕೆ ಸ್ವಲ್ಪ ಕಡಿಮೆಯಾದ ಅಂತರವು ಹತ್ತೊಂಬತ್ತು ವರ್ಷಗಳಲ್ಲಿ ಸುಮಾರು ೨೦೬ ದಿನ ಹದಿನೈದು ಗಂಟೆಗಳಾಗುತ್ತದೆ. ಏಳು ಚಾಂದ್ರಮಾಸಗಳಿಗೂ ಹೆಚ್ಚುಕಡಿಮೆ ಅಷ್ಟೇ ದಿನ. ಆದುದರಿಂದ ಹತ್ತೊಂಬತ್ತು ವರ್ಷಗಳಲ್ಲಿ ಏಳು ಅಧಿಕಮಾಸಗಳನ್ನು ಸೇರಿಸಿ ಒಟ್ಟು ೨೩೫ ಮಾಸಗಳನ್ನು ಮಾಡಿದರೆ ಸೂರ್ಯಚಂದ್ರರು ಮತ್ತೆ ಕೂಡಿಬರುವರು. ಬಾಬೆಲಿನ ಜ್ಯೋತಿಷಿಗಳು ಇದನ್ನು ಬಹು ಹಿಂದೆಯೇ ಅರಿತು ಬಳಕೆಗೆ ತಂದಿದ್ದರು. ಅಥೆನ್ಸಿನಲ್ಲಿ ಕ್ರಿಸ್ತಪೂರ್ವ ೪೩೨ರಲ್ಲಿ ಮೆಟನ್ ಎಂಬವನು ಇದನ್ನು ಪ್ರಕಟಿಸಿದನು. ಯೆಹೂದ್ಯರಲ್ಲಿ ಈ ಚಕ್ರದ ೩, ೬, ೮, ೧೧, ೧೪, ೧೭, ೧೯ನೆಯ ವರ್ಷಗಳು ಅಧಿಕವರ್ಷಗಳು. ನಮ್ಮಲ್ಲಿ ಯಾವ ಚಾಂದ್ರಮಾಸದಲ್ಲಿ ಸಂಕ್ರಾಂತಿ ಇಲ್ಲವೋ ಅದು ಅಧಿಕವಾಗುವುದರಿಂದ ಒಮ್ಮೆ ಶ್ರಾವಣ, ಇನ್ನೊಮ್ಮೆ ಜ್ಯೇಷ್ಠ ಅಧಿಕವಾಗಬಹುದು. ಅವರಲ್ಲಾದರೋ ಅಧಿಕವಾಗುವುದು ಯಾವಾಗಲೂ ಅದಾರ್ ಮಾಸವೇ. ಪಸ್ಕಹಬ್ಬದ ನಿಸಾನಿಗೆ ಅದು ಬಾಗಿಲು. ಮೊದಲನೆಯ ಅದಾರ್ ಅಧಿಕ, ಎರಡನೆಯದು ನಿಜ. ಪೂರಿಮ್ ಹಬ್ಬವು ನಮ್ಮ ಹಬ್ಬಗಳಂತೆಯೇ ನಿಜಮಾಸದಲ್ಲಿ ನಡೆಯುತ್ತದೆ.

ಎರಡನೆಯದು ‘ಮೋಲಾದ್’, ಎಂದರೆ ಚಂದ್ರನ ಜನನ. ಸೂರ್ಯಚಂದ್ರರ ಮಧ್ಯಮಗತಿಯಿಂದ ಲೆಕ್ಕಹಾಕಿದ ಅಮಾವಾಸ್ಯೆಯ ಕ್ಷಣ. ಗಂಟೆಯನ್ನು ಅವರು ೧೦೮೦ ಭಾಗಗಳಾಗಿ ವಿಭಾಗಿಸುತ್ತಾರೆ; ಒಂದು ಭಾಗಕ್ಕೆ ಮೂರೂಕಾಲು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಮಾಸದ ಪ್ರಮಾಣ ೨೯ ದಿನ, ೧೨ ಗಂಟೆ, ೭೯೩ ಭಾಗ. ಇದು ಬಾಬೆಲಿನವರು ಕಂಡುಹಿಡಿದು, ಟಾಲೆಮಿಯ ಗ್ರಂಥದಲ್ಲಿಯೂ ಉಳಿದುಬಂದ ಪ್ರಮಾಣವೇ ಆಗಿದೆ. ದೂರದರ್ಶಕವಿಲ್ಲದ ಕಾಲದ ಈ ಅಂಕೆಗೂ ಇಂದಿನ ಸೂಕ್ಷ್ಮಗಣನೆಗೂ ತಿಂಗಳಿಗೆ ಅರ್ಧ ಸೆಕೆಂಡಿನಷ್ಟೇ ವ್ಯತ್ಯಾಸವೆಂದರೆ ಆಶ್ಚರ್ಯವಲ್ಲವೆ? ಮೊಟ್ಟಮೊದಲನೆಯ ಮೋಲಾದ್ ಸೃಷ್ಟಿಶಕದ ಒಂದನೆಯ ವರ್ಷ, ಎಂದರೆ ಕ್ರಿಸ್ತಪೂರ್ವ ೩೭೬೧ರ ಶರತ್ಕಾಲದಲ್ಲಿ, ಸೋಮವಾರ ೫ ಗಂಟೆ ೨೦೪ ಭಾಗಕ್ಕೆ ಆಯಿತೆಂದು ಇಟ್ಟುಕೊಂಡಿದ್ದಾರೆ. ಇಲ್ಲಿ ಗಂಟೆಗಳನ್ನು ಹಿಂದಿನ ಸಂಜೆಯ ಆರರಿಂದ ಎಣಿಸತಕ್ಕದ್ದು. ಅಲ್ಲಿಂದ ಎಷ್ಟು ಮಾಸಗಳಾದುವೆಂದು ಗುಣಿಸಿ, ವಾರಗಳನ್ನು ಕಳೆದರೆ ಬೇಕಾದ ವರ್ಷದ ತಿಶ್ರಿಯ ಮೋಲಾದ್ ದೊರೆಯುತ್ತದೆ.

ಆದರೆ ಮೋಲಾದ್ ಆದ ದಿನವೇ ವರ್ಷಾರಂಭವೆಂದು ಹೇಳುವ ಹಾಗಿಲ್ಲ. ಮುಂದೂಡುವ ನಾಲ್ಕು ನಿಯಮಗಳಿವೆ. ಮೊದಲನೆಯದು, ರೋಶ್ ಹಶಾನಾ ಭಾನುವಾರ, ಬುಧವಾರ, ಶುಕ್ರವಾರಗಳಲ್ಲಿ ಬರಕೂಡದು. ಬುಧವಾರ ಬಂದರೆ ಯೋಮ್ ಕಿಪ್ಪೂರ್ ಶುಕ್ರವಾರಕ್ಕೂ, ಶುಕ್ರವಾರ ಬಂದರೆ ಅದು ಭಾನುವಾರಕ್ಕೂ ಬೀಳುತ್ತದೆ. ಶನಿವಾರವು ಸಬ್ಬತ್ ದಿನವಾದುದರಿಂದ ಎರಡು ದಿನ ಒಂದರ ಬೆನ್ನಿಗೊಂದು ಅಡಿಗೆಮಾಡುವಂತಿಲ್ಲ, ಮೃತರಾದವರನ್ನು ಹೂಳುವಂತಿಲ್ಲ; ಜನರಿಗೆ ಬಹಳ ಕಷ್ಟ. ಭಾನುವಾರ ಬಂದರೆ, ಪರ್ಣಶಾಲೆಗಳ ಹಬ್ಬದ ಏಳನೆಯ ದಿನ ನೀರವಂಜಿಯ ಕೊಂಬೆಗಳನ್ನು ನೆಲಕ್ಕೆ ಬಡಿಯುವ ಆಚಾರವು ಸಬ್ಬತ್ತಿಗೆ ಬಿದ್ದು ನಿಂತುಹೋಗುತ್ತದೆ. ಎರಡನೆಯ ನಿಯಮ, ಮೋಲಾದ್ ಮಧ್ಯಾಹ್ನ ಹನ್ನೆರಡಕ್ಕೆ ಅಥವಾ ಅದರ ಮೇಲೆ ಆದರೆ ವರ್ಷಾರಂಭ ಮರುದಿನಕ್ಕೆ. ಉಳಿದೆರಡು ನಿಯಮಗಳು ಅಪರೂಪವಾಗಿ ಪ್ರಯೋಗಕ್ಕೆ ಬರುವಂಥವು; ವರ್ಷವು ತೀರ ಉದ್ದವಾಗದಂತೆಯೂ ತೀರ ಗಿಡ್ಡವಾಗದಂತೆಯೂ ನೋಡಿಕೊಳ್ಳುವುದು ಅವುಗಳ ಕೆಲಸ. ಹೀಗೆ ಮುಂದೂಡಿದ ದಿನಗಳನ್ನು ತುಂಬಿಕೊಳ್ಳುವುದಕ್ಕೆ ಮರ್ಹೆಶ್ವಾನ್ ಮತ್ತು ಕಿಸ್ಲೇವ್ ಎಂಬ ಎರಡು ಮಾಸಗಳಿಗೆ ಮಾತ್ರ ೨೯ ಅಥವಾ ೩೦ ದಿನಗಳಾಗುವ ಅವಕಾಶವಿದೆ. ಉಳಿದ ಮಾಸಗಳ ದಿನಸಂಖ್ಯೆ ಸ್ಥಿರ. ಆದಕಾರಣ ಸಾಮಾನ್ಯ ವರ್ಷಕ್ಕೆ ೩೫೩, ೩೫೪ ಅಥವಾ ೩೫೫ ದಿನ. ಅಧಿಕವರ್ಷಕ್ಕೆ ೩೮೩, ೩೮೪ ಅಥವಾ ೩೮೫ ದಿನ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಆದಿ ಮೋಲಾದಿನಿಂದ ೫೭೮೬ನೆಯ ವರ್ಷದ ತಿಶ್ರಿಯವರೆಗೆ ೭೧,೫೫೧ ಮಾಸಗಳು. ಗುಣಿಸಿ ವಾರಗಳನ್ನು ಕಳೆದರೆ ಬರುವ ಮೋಲಾದ್ ಸೋಮವಾರ ೧೮ ಗಂಟೆ ೧೮೭ ಭಾಗ. ಎಂದರೆ ೨೦೨೫ರ ಸೆಪ್ಟೆಂಬರ್ ೨೨ನೆಯ ಸೋಮವಾರ ಮಧ್ಯಾಹ್ನ ಹನ್ನೆರಡರ ಮೇಲೆ ಹತ್ತು ನಿಮಿಷ ಇಪ್ಪತ್ತುಮೂರು ಸೆಕೆಂಡು. ಸೋಮವಾರ ನಿಷಿದ್ಧವಲ್ಲ, ಆದರೆ ಮಧ್ಯಾಹ್ನ ಕಳೆದುಹೋಯಿತು. ಆದುದರಿಂದ ವರ್ಷಾರಂಭ ಮಂಗಳವಾರ, ಸೆಪ್ಟೆಂಬರ್ ೨೩ಕ್ಕೆ. ಹಿಂದಿನ ವರ್ಷ ಗುರುವಾರ ಮೊದಲಾಗಿತ್ತು. ಗುರುವಾರದಿಂದ ಮಂಗಳವಾರಕ್ಕೆ ೩೫೫ ದಿನ. ಹೆಚ್ಚಿದ ಆ ಒಂದು ದಿನವನ್ನು ೨೦೨೪ರ ಮರ್ಹೆಶ್ವಾನಕ್ಕೆ ಕೊಟ್ಟು ಅದನ್ನು ಮೂವತ್ತು ದಿನಗಳದಾಗಿ ಮಾಡಿದ್ದರು. ಮುಂದಿನ ೫೭೮೭ನೆಯ ವರ್ಷದ ಮೋಲಾದ್ ಶನಿವಾರ ೨ ಗಂಟೆ ೧೦೬೩ ಭಾಗ. ಯಾವ ಅಡ್ಡಿಯೂ ಇಲ್ಲ. ವರ್ಷಾರಂಭ ೨೦೨೬ರ ಸೆಪ್ಟೆಂಬರ್ ೧೨ ಶನಿವಾರವೇ.

ಹತ್ತು ನಿಮಿಷಕ್ಕಾಗಿ ಹಬ್ಬವನ್ನು ಒಂದು ದಿನ ಮುಂದಕ್ಕೆ ಹಾಕುವುದು ವಿನೋದವಾಗಿ ಕಾಣಬಹುದು. ಆದರೆ ಇಂಥ ನಿಮಿಷಗಳೇ ಒಮ್ಮೆ ಯೆಹೂದ್ಯ ಸಮಾಜವನ್ನು ಎರಡಾಗಿ ಸೀಳಿದುವು. ೯೨೧ರಲ್ಲಿ ಪ್ಯಾಲೆಸ್ತೀನಿನ ಬೆನ್ ಮೇಯಿರ್ ಎಂಬ ಮುಖ್ಯಸ್ಥನು, ಎಲ್ಲೆಯು ಮಧ್ಯಾಹ್ನ ಹನ್ನೆರಡಲ್ಲ, ಅದರ ಮೇಲೆ ೬೪೨ ಭಾಗ, ಎಂದು ಸಾರಿದನು. ೯೨೩ರ ಶರತ್ಕಾಲದ ಮೋಲಾದ್ ಶನಿವಾರ ಮಧ್ಯಾಹ್ನದ ಮೇಲೆ ೨೩೭ ಭಾಗಕ್ಕೆ ಇತ್ತು. ಅವನ ಲೆಕ್ಕದಲ್ಲಿ ವರ್ಷಾರಂಭ ಶನಿವಾರ; ಬಾಬೆಲಿನವರ ಲೆಕ್ಕದಲ್ಲಿ ಭಾನುವಾರವು ನಿಷಿದ್ಧವಾದುದರಿಂದ ಸೋಮವಾರ. ಈ ಭೇದವು ಹಿಂದಿನ ವರ್ಷಗಳಿಗೂ ಹಬ್ಬಿ, ೯೨೨ರ ಪಸ್ಕಹಬ್ಬವು ಪ್ಯಾಲೆಸ್ತೀನಿನವರಿಗೆ ಭಾನುವಾರ, ಬಾಬೆಲಿನವರಿಗೆ ಮಂಗಳವಾರವಾಯಿತು. ಒಬ್ಬರು ಹುಳಿಯಿಲ್ಲದ ರೊಟ್ಟಿಯ ವ್ರತದಲ್ಲಿದ್ದಾಗ ಇನ್ನೊಬ್ಬರು ಹುಳಿಯ ರೊಟ್ಟಿಯನ್ನು ತಿನ್ನುತ್ತಿದ್ದರು. ಐಗುಪ್ತದಲ್ಲಿ ಹುಟ್ಟಿದ ಸಾದ್ಯಾ ಎಂಬ ಪಂಡಿತನು ಬಾಬೆಲಿನವರ ಪಕ್ಷವನ್ನು ವಹ‌ಿಸಿ ಪತ್ರಗಳಲ್ಲಿಯೂ ಗ್ರಂಥದಲ್ಲಿಯೂ ವಾದಿಸಿದನು; ಕೊನೆಗೆ ಆ ಪಕ್ಷವೇ ಗೆದ್ದಿತು. ಅದು ಸೋತಿದ್ದರೆ ೨೦೨೫ರ ವರ್ಷಾರಂಭವೂ ಮಂಗಳವಾರದ ಬದಲು ಸೋಮವಾರವೇ ಆಗುತ್ತಿತ್ತು. ಏಕೆಂದರೆ ೧೮೭ ಭಾಗವು ೬೪೨ಕ್ಕೆ ಕಡಿಮೆ. ಸಾವಿರದ ನೂರು ವರ್ಷಗಳ ಹಿಂದಿನ ಒಂದು ವಾದದ ತೀರ್ಪು ಇಂದಿನ ಗೋಡೆಯ ಕ್ಯಾಲೆಂಡರಿನಲ್ಲಿ ಹೀಗೆ ಜೀವಂತವಾಗಿದೆ.

ಈ ಗಣಿತವು ಪರಮತದ ವಿದ್ವಾಂಸರನ್ನೂ ಆಕರ್ಷಿಸಿತು. ಹಿಂದೂ ಅಂಕೆಗಳನ್ನು ಅರಬ್ಬರಿಗೆ ಪರಿಚಯಮಾಡಿಸಿದ ಅಲ್ ಖ್ವಾರಿಜ್ಮಿಯು ಒಂಬತ್ತನೆಯ ಶತಮಾನದಲ್ಲಿ ಇದರ ಮೇಲೊಂದು ಗ್ರಂಥವನ್ನು ಬರೆದನು. ನಮ್ಮ ದೇಶದ ಶಾಸ್ತ್ರಗಳನ್ನು ಅಭ್ಯಸಿಸಿ ವರ್ಣಿಸಿದ ಅಲ್ ಬೆರೂನಿಯು ಅದಕ್ಕೆ ಮೊದಲೇ, ಸುಮಾರು ೧೦೦೦ದಲ್ಲಿ, ಯೆಹೂದ್ಯರ ಪಂಚಾಂಗವನ್ನು ವಿವರವಾಗಿ ನಿರೂಪಿಸಿದ್ದನು. ಹನ್ನೆರಡನೆಯ ಶತಮಾನದಲ್ಲಿ ಮೈಮೊನಿದೀಸನು ಇದನ್ನು ಧರ್ಮಶಾಸ್ತ್ರದ ಒಂದು ಭಾಗವಾಗಿ ಕ್ರಮಪಡಿಸಿದನು. ೧೮೦೨ರಲ್ಲಿ ಜರ್ಮನಿಯ ಗಣಿತಜ್ಞ ಗೌಸನು ಪಸ್ಕಹಬ್ಬದ ತಾರೀಖನ್ನು ನೇರವಾಗಿ ತಿಳಿಸುವ ಒಂದು ಸೂತ್ರವನ್ನು ಪ್ರಕಟಿಸಿದನು.

ನಮ್ಮ ದೇಶದಲ್ಲಿಯೇ ಕೊಂಕಣದ ಕರಾವಳಿಯಲ್ಲಿ ಬೆನೆ ಇಸ್ರಾಯೇಲ್ ಎಂಬ ಯೆಹೂದ್ಯರು ಶತಮಾನಗಳ ಕಾಲ ಸ್ವಜನರ ಸಂಪರ್ಕವಿಲ್ಲದೆ ಬಾಳಿದರು. ಎಣ್ಣೆ ತೆಗೆಯುವುದು ಅವರ ವೃತ್ತಿ. ಶನಿವಾರ ಗಾಣವನ್ನು ಕಟ್ಟದೆ ಇದ್ದುದರಿಂದ ನೆರೆಯವರು ಅವರನ್ನು ‘ಶನಿವಾರ್ ತೇಲಿ’ ಎಂದು ಕರೆದರು. ಹಬ್ಬಗಳಿಗೂ ಅವರಲ್ಲಿ ಮರಾಠಿಯ ಹೆಸರುಗಳು ಬಂದುವು. ವರ್ಷಾರಂಭಕ್ಕೆ ‘ನವ್ಯಾಚಾ ಸಣ’, ಮನೆಯ ಬಾಗಿಲನ್ನು ಮುಚ್ಚಿಕೊಂಡು ಉಪವಾಸವಿರುವ ಯೋಮ್ ಕಿಪ್ಪೂರಿಗೆ ‘ದಾರ್‌ಫಾಲ್ನಿಚಾ ಸಣ’. ಪೂರಿಮಿಗೆ ‘ಹೋಳೀಚಾ ಸಣ’ ಎಂಬ ಹೆಸರಂತೂ ಅರ್ಥಗರ್ಭಿತವಾದುದು. ಅದಾರ್ ಹದಿನಾಲ್ಕು ಬಹುಮಟ್ಟಿಗೆ ನಮ್ಮ ಫಾಲ್ಗುಣದ ಹುಣ್ಣಿಮೆಯ ಸಮೀಪದಲ್ಲಿಯೇ ಬರುತ್ತದೆ. ಮುಂಬಯಿಯಲ್ಲಿ ೧೭೯೬ರಲ್ಲಿ ಅವರಿಗೊಂದು ಸಭಾಮಂದಿರವನ್ನು ಕಟ್ಟಿಸಿದ ಸಾಮುವೇಲ್ ದಿವೇಕರನು ಕಂಪನಿಯ ಸೈನ್ಯದ ಅಧಿಕಾರಿ. ಮೈಸೂರು ಯುದ್ಧದಲ್ಲಿ ಟೀಪುವಿನವರಿಗೆ ಸೆರೆಸಿಕ್ಕಿ, ಬಿಡುಗಡೆಯಾದರೆ ದೇವರಿಗೊಂದು ಮಂದಿರವನ್ನು ಕಟ್ಟಿಸುವೆನೆಂದು ಹರಕೆ ಹೊತ್ತಿದ್ದನೆಂದು ಪ್ರತೀತಿಯುಂಟು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ತಿಶ್ರಿಯೂ ಆಶ್ವಯುಜವೂ ಬಹುಮಟ್ಟಿಗೆ ಒಂದೇ ಅಮಾವಾಸ್ಯೆಯಿಂದ ಹೊರಡುವ ಮಾಸಗಳು. ಆದುದರಿಂದಲೇ ೨೦೨೪ ಮತ್ತು ೨೦೨೫ರಲ್ಲಿ ನವರಾತ್ರಿಯೂ ರೋಶ್ ಹಶಾನಾ ಹಬ್ಬವೂ ಜೊತೆಯಾದುವು. ೨೦೨೬ರಲ್ಲಿ ಮೇ ೧೭ರಿಂದ ಜೂನ್ ೧೫ರವರೆಗೆ ನಮಗೆ ಅಧಿಕ ಜ್ಯೇಷ್ಠ ಬರುವುದರಿಂದ ಆಶ್ವಯುಜ ಒಂದು ತಿಂಗಳು ಹಿಂದೆ ಬೀಳುತ್ತದೆ. ಯೆಹೂದ್ಯರ ೫೭೮೭ನೆಯ ವರ್ಷವೂ ಅಧಿಕವರ್ಷವೇ. ಆದರೆ ಅವರ ಅಧಿಕ ಅದಾರ್ ಬರುವುದು ೨೦೨೭ರ ಫೆಬ್ರವರಿಯಲ್ಲಿ. ನಾವು ಮೊದಲೇ ತೀರಿಸಿದ ಸಾಲವನ್ನು ಅವರು ಎಂಟು ತಿಂಗಳು ತಡೆದು ತೀರಿಸುತ್ತಾರೆ. ಆ ಅವಧಿಯಲ್ಲಿ ಮಾತ್ರ ಹಬ್ಬಗಳ ಜೊತೆ ತಪ್ಪುತ್ತದೆ. ೨೦೨೭ರಲ್ಲಿ ಅವು ಮತ್ತೆ ಒಂದೆರಡು ದಿನಗಳ ಅಂತರಕ್ಕೆ ಬಂದು ಸೇರುತ್ತವೆ.

ಕೊನೆಯದಾಗಿ ಒಂದು ಮಾತು. ಈ ಪಂಚಾಂಗದಲ್ಲಿ ಒಂದು ಸಣ್ಣ ದೋಷವುಂಟು. ಹತ್ತೊಂಬತ್ತು ವರ್ಷಗಳ ಚಕ್ರವು ಸೂರ್ಯನ ಗತಿಗಿಂತ ಎರಡು ಗಂಟೆಗಳಷ್ಟು ದೀರ್ಘವಾದುದು; ಅವರ ಸರಾಸರಿ ವರ್ಷವು ಋತುವರ್ಷಕ್ಕಿಂತ ಆರು ನಿಮಿಷ ನಲವತ್ತು ಸೆಕೆಂಡು ಉದ್ದವಾಗಿದ್ದು, ಸುಮಾರು ೨೧೬ ವರ್ಷಗಳಿಗೆ ಒಂದು ದಿನದಂತೆ ಹಬ್ಬಗಳು ಮುಂದಕ್ಕೆ ಸರಿಯುತ್ತವೆ. ಹಿಲ್ಲೇಲನ ಕಾಲದಿಂದೀಚೆಗೆ ಏಳೆಂಟು ದಿನ ಸರಿದಿವೆ. ಆದಕಾರಣ ಚಕ್ರದ ೮, ೧೧, ೧೯ನೆಯ ವರ್ಷಗಳಲ್ಲಿ ಪಸ್ಕಹಬ್ಬವು ವಿಷುವದ ಅನಂತರದ ಮೊದಲನೆಯ ಹುಣ್ಣಿಮೆಗೆ ಬಾರದೆ ಎರಡನೆಯದಕ್ಕೆ ಬರುತ್ತದೆ. ೨೦೧೬ರಲ್ಲಿಯೂ ೨೦೨೪ರಲ್ಲಿಯೂ ಅದು ಏಪ್ರಿಲ್ ೨೩ಕ್ಕೆ ಬಂದಿತ್ತು. ಅಧಿಕವರ್ಷಗಳ ಸ್ಥಾನವನ್ನು ಸ್ವಲ್ಪ ಬದಲಾಯಿಸಿದರೆ ದೋಷ ಪರಿಹಾರವಾಗುವುದೆಂಬುದು ಗಣಿತ ಬಲ್ಲವರಿಗೆಲ್ಲ ತಿಳಿದ ವಿಷಯ. ಆದರೆ ಬದಲಾಯಿಸುವ ಅಧಿಕಾರವುಳ್ಳ ಹಿರೀಸಭೆ ಇಂದು ಇಲ್ಲ. ಯಾರೋ ಕೆಲವರು ಬದಲಾಯಿಸಿದರೆ ೯೨೨ರ ಒಡಕು ಮರುಕಳಿಸುವುದೆಂಬ ಭಯ.

ಇದನ್ನು ಕಂಡು ನಾವು ನಗಬೇಕಾದುದಿಲ್ಲ. ಉತ್ತರಾಯಣದ ಪುಣ್ಯಕಾಲವೆಂದು ನಾವು ಆಚರಿಸುವ ಮಕರಸಂಕ್ರಾಂತಿಯು ನಿಜವಾದ ಉತ್ತರಾಯಣಾರಂಭಕ್ಕಿಂತ ಮೂರು ವಾರಕ್ಕೂ ಹೆಚ್ಚು ದಿನ ಈಚೆಗೆ ಬಂದಿದೆ. ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ವಿಚಾರಮಾಡಿ, ೧೯೫೭ರಲ್ಲಿ ರಾಷ್ಟ್ರೀಯ ಪಂಚಾಂಗವು ಜಾರಿಗೆ ಬಂದರೂ ನಮ್ಮ ಮನೆಗಳಲ್ಲಿ ಎಳ್ಳು ಬೀರುವುದು ಜನವರಿಯ ನಡುವಿನಲ್ಲಿಯೇ. ಆಕಾಶದೊಡನೆ ಕರಾರುವಾಕ್ಕಾಗಿ ಹೊಂದುವುದು ಪಂಚಾಂಗದ ಒಂದು ಧರ್ಮ. ನೆರೆಹೊರೆಯವರೆಲ್ಲರನ್ನೂ ಒಂದೇ ದಿನ ಒಂದೇ ಪಂಕ್ತಿಯಲ್ಲಿ ಕೂರಿಸುವುದು ಇನ್ನೊಂದು ಧರ್ಮ. ಎರಡಕ್ಕೂ ವಿರೋಧ ಬಂದಾಗ ಏನು ಮಾಡಬೇಕೆಂಬ ಪ್ರಶ್ನೆ ಸುಲಭವಾದುದಲ್ಲ. ಕೋಲನ್ನೂ ಹಣದ ಚೀಲವನ್ನೂ ಹಿಡಿದು ಯಾವ್ನೇ ಊರಿನ ದಾರಿಯಲ್ಲಿ ನಡೆದುಹೋದ ಯೆಹೋಶುವನಿಗೆ ಅದರ ಭಾರ ಎಷ್ಟೆಂಬುದು ಚೆನ್ನಾಗಿ ತಿಳಿದಿತ್ತು.